ಏಳನೇ ತಾಕಿನ ಗಂಟುಗಳು

ಸೋಯಾ ಗಿಡದ ಬೇರಿನಲ್ಲಿ ಗಂಟುಗಳಿರುತ್ತವೆ. ಸಾಸಿವೆಯಷ್ಟು ಸಣ್ಣವು, ಮೆಣಸಿನ ಕಾಳಿನಷ್ಟು ದಪ್ಪನವು, ಎಲ್ಲ ಗಾತ್ರದವೂ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುದು ಆ ಗಂಟುಗಳೊಳಗಿನ ಸೂಕ್ಷ್ಮಜೀವಿಗಳ ಕೆಲಸ. ನೆಲದಲ್ಲಿ ಫಾಸ್ಫೇಟ್ ಚೆನ್ನಾಗಿದ್ದರೆ ಗಂಟು ಹೆಚ್ಚು, ಅದರ ಜೊತೆ ಕೊಟ್ಟಿಗೆ ಗೊಬ್ಬರವೂ ಸೇರಿದರೆ ಇನ್ನೂ ಹೆಚ್ಚು. ಗಂಟು ಹೆಚ್ಚಿದ್ದಲ್ಲಿ ಕಾಯಿಯೂ ಹೆಚ್ಚು. ಇದನ್ನು ಬಾಯಲ್ಲಿ ಯಾರು ಬೇಕಾದರೂ ಹೇಳಬಹುದು. ಎಷ್ಟು ಹಾಕಿದರೆ ಎಷ್ಟು ಹೆಚ್ಚು ಅಂತ ಅಂಕಿಯಲ್ಲಿ ತೋರಿಸುವುದು ನನ್ನ ಉದ್ಯೋಗ. ಬೇಸಾಯ ಸಂಶೋಧನಾ ಕೇಂದ್ರದಲ್ಲಿ ನಾನು ಕ್ಷೇತ್ರ ಸಹಾಯಕ. ಇಪ್ಪತ್ತೆರಡು ವರ್ಷದ ಸರ್ವೀಸು. ಬೆನ್ನ ಹಿಂದೆ ಎಲ್ಲರೂ ನನ್ನನ್ನು 'ಅಡಿಪಟ್ಟಿ' ಅನ್ನುತ್ತಾರೆ. ಸಾಲು ಅರ್ಧ ಇಂಚು ಸೊಟ್ಟಗಾದರೂ ನನಗೆ ತಡೆಯುವುದಿಲ್ಲ, ಅದಕ್ಕೆ. ಈ ಅಡ್ಡಹೆಸರು ಗೊತ್ತಾದಾಗ ನಾನು ಕೋಪ ಮಾಡಿಕೊಳ್ಳಲಿಲ್ಲ, ಒಳಗೊಳಗೇ ಉಬ್ಬಿದ್ದೆ. ಈಗ ಅದನ್ನು ನೆನೆಸಿಕೊಂಡರೆ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ.

ಗಂಟುಗಳನ್ನು ಎಣಿಸುವವರು ಗಂಟಕ್ಕ. ಅದು ನಾವೆಲ್ಲ ಇಟ್ಟ ಹೆಸರು. ಎಂಟು ವರ್ಷದಿಂದ ನಮ್ಮಲ್ಲಿ ದಿನಗೂಲಿಯವರು, ನನಗಿಂತ ಒಂಬತ್ತು ವರ್ಷ ದೊಡ್ಡವರು. ಬಿತ್ತಿದ ನಲವತ್ತೈದನೇ ದಿನ ಒಂದೊಂದು ತಾಕಿನಿಂದ ಐದೈದು ಗಿಡ ಅಗೆದು, ಬೇರಿಗೆ ನೋವಾಗದ ಹಾಗೆ ಬಕೆಟ್ಟಿನ ನೀರಿನಲ್ಲಿ ಮಣ್ಣು ಬಿಡಿಸಿ, ಬಿಳಿ ತಟ್ಟೆಯ ಮೇಲೆ ಹರಡಿ, ಉಗುರಿನಿಂದ ಒಂದೊಂದೇ ಗಂಟು ಕಿತ್ತು ಎಣಿಸುತ್ತಾರೆ. ಎಣಿಸುವಾಗ ಯಾರು ಕರೆದರೂ 'ಹೂಂ' ಅನ್ನುವುದಿಲ್ಲ. ಒಂದು ವರ್ಷ ಪಕ್ಕದಲ್ಲೇ ಹಾವು ಹರಿದು ಹೋಯಿತಂತೆ. ಅವರು ಮೂವತ್ತೆಂಟಕ್ಕೆ ಮುಗಿಸಿ, ಪುಸ್ತಕದಲ್ಲಿ ಬರೆದು, ಆಮೇಲೆ ಕಿರುಚಿದರಂತೆ. ಟ್ರ್ಯಾಕ್ಟರ್ ಡ್ರೈವರ್ ಈ ಕಥೆಯನ್ನು ಹೊಸಬರಿಗೆಲ್ಲ ಹೇಳುತ್ತಾನೆ. ನಾನು ನಂಬುವ ಪೈಕಿ ಅಲ್ಲ. ಆದ್ದರಿಂದ ಒಮ್ಮೆ ಅವರಿಗೆ ತಿಳಿಯದ ಹಾಗೆ ಹತ್ತು ತಟ್ಟೆಗಳನ್ನು ನಾನೇ ಮತ್ತೆ ಎಣಿಸಿ ನೋಡಿದೆ. ಎರಡು ತಟ್ಟೆಯಲ್ಲಿ ವ್ಯತ್ಯಾಸ ಬಂತು. ಮೂರನೇ ಸಲ ಎಣಿಸಿದಾಗ ಎರಡರಲ್ಲೂ ತಪ್ಪಿದವನು ನಾನೇ ಅಂತ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

ಈ ಸಲದ ಪ್ರಯೋಗಕ್ಕೆ ಇಪ್ಪತ್ತನಾಲ್ಕು ತಾಕು. ತಾಕು ಅಂದರೆ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲದ ತುಂಡು ನೆಲ. ಆರಾರು ತಾಕಿನ ನಾಲ್ಕು ಸಾಲು. ಒಂದೊಂದು ಸಾಲಿನಲ್ಲೂ ಆರು ಬಗೆ: ಏನೂ ಹಾಕದ್ದು, ಅರ್ಧ ಫಾಸ್ಫೇಟ್, ಪೂರ್ತಿ ಫಾಸ್ಫೇಟ್, ಬರೀ ಕೊಟ್ಟಿಗೆ ಗೊಬ್ಬರ, ಗೊಬ್ಬರಕ್ಕೆ ಅರ್ಧ ಫಾಸ್ಫೇಟ್, ಗೊಬ್ಬರಕ್ಕೆ ಪೂರ್ತಿ ಫಾಸ್ಫೇಟ್. ಯಾವ ತಾಕಿಗೆ ಯಾವುದು ಅಂತ ಮೊದಲೇ ಚೀಟಿ ಎತ್ತಿ ನಕ್ಷೆ ಮಾಡಿಟ್ಟುಕೊಳ್ಳುತ್ತೇವೆ. ನಂಬರ್ ಕೊಡುವುದು ಮಾತ್ರ ಉಳುವ ಎತ್ತು ತಿರುಗುವ ಹಾಗೆ. ಮೊದಲ ಸಾಲು ಎಡದಿಂದ ಬಲಕ್ಕೆ, ಒಂದರಿಂದ ಆರು. ಅಲ್ಲೇ ತಿರುಗಿ ಎರಡನೇ ಸಾಲು ಬಲದಿಂದ ಎಡಕ್ಕೆ, ಏಳರಿಂದ ಹನ್ನೆರಡು. ಹೊಸಬರು ಎಡವುವುದೇ ಇಲ್ಲಿ. ತರಬೇತಿಗೆ ಬರುವ ವಿದ್ಯಾರ್ಥಿಗಳ ಮುಂದೆ ಪ್ರತಿ ವರ್ಷ ನಾನು ಬೆರಳೆತ್ತಿ ಹೇಳುವ ಮಾತು ಒಂದೇ: "ತಿರುಗೋದು ಮರೀಬೇಡಿ."

ಗೊಬ್ಬರ ಹಾಕುವ ದಿನ ಗಂಟಕ್ಕ ಬಂದಿರಲಿಲ್ಲ. ಮಗಳಿಗೆ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿದ ದಿನ ಅದು. ನಾನೇ ನಕ್ಷೆ ಹಿಡಿದು ಫಾಸ್ಫೇಟಿನ ಪೊಟ್ಟಣ, ಗೊಬ್ಬರದ ಚೀಲ ಎಲ್ಲವನ್ನೂ ಒಂದೊಂದು ತಾಕಿನ ತಲೆಗೆ ಇಟ್ಟುಕೊಂಡು ಹೋದೆ, ಆಳುಗಳು ಹಿಂದಿನಿಂದ ಎರಚಿಕೊಂಡು ಬಂದರು. ನಂಬರಿನ ಗೂಟಗಳನ್ನು ಬಿತ್ತನೆಯಾದ ಮೇಲೆ ನೆಟ್ಟೆವು. ಎಲ್ಲ ಸುಸೂತ್ರ.

ನಲವತ್ತೈದನೇ ದಿನ ಎರಡನೇ ಸಾಲಿಗೆ ಬಂದಾಗ ಗಂಟಕ್ಕ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕರೆದರು.

"ಸರ್, ಏಳರಲ್ಲಿ ಗಿಡಕ್ಕೆ ನಲವತ್ತಾರು ಗಂಟು ಬರ್ತಾ ಇದೆ."

ನಕ್ಷೆಯ ಪ್ರಕಾರ ಏಳು ಅಂದರೆ ಏನೂ ಹಾಕದ ಬಡ ತಾಕು. ಅಂಥ ತಾಕಿನಲ್ಲಿ ಹದಿನೇಳೋ ಹದಿನೆಂಟೋ ಬಂದರೆ ಹೆಚ್ಚು.

"ಎಲ್ಲಿಂದ ಬರುತ್ತೆ ಅಕ್ಕ ಅಷ್ಟೊಂದು? ಮತ್ತೆ ಎಣಿಸಿ."

ಮತ್ತೆ ಎಣಿಸಿದರು. ಮತ್ತೆ ಅಷ್ಟೇ ಬಂತು. ಒಂದು ಗಂಟನ್ನು ಉಗುರಿನಲ್ಲಿ ಸೀಳಿ ನನ್ನ ಮುಂದೆ ಹಿಡಿದರು. ಒಳಗೆ ಎಳೆ ಕೆಂಪು. ಜೀವ ಇರುವ, ಕೆಲಸ ಮಾಡುವ ಗಂಟು. ಅದೇ ಸಾಲಿನ ಕೊನೆಯಲ್ಲಿದ್ದ ಹನ್ನೆರಡನೇ ತಾಕಿಗೆ ಗೊಬ್ಬರ ಮತ್ತು ಪೂರ್ತಿ ಫಾಸ್ಫೇಟ್ ಎರಡೂ ಬಿದ್ದಿತ್ತು, ನಕ್ಷೆಯಲ್ಲಿ. ಅಲ್ಲಿ ಬಂದದ್ದು ಹದಿನೇಳು.

"ಹನ್ನೆರಡಕ್ಕೆ ಬೇಲಿ ಮರದ ನೆರಳು ಬೀಳುತ್ತೆ," ಅಂದೆ. ನೆರಳು ಬೀಳುತ್ತಿದ್ದದ್ದು ಸಂಜೆ ಐದರ ಮೇಲೆ. "ಏಳರದು ನಿಮ್ಮ ಎಣಿಕೆಯಲ್ಲೇ ಏನೋ ಆಗಿದೆ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ ಅಕ್ಕ."

ನಗುತ್ತಲೇ ಹೇಳಿದ್ದೆ. ಅವರು ನಗಲಿಲ್ಲ. ಅವರ ಅಂಕಿಗಳನ್ನು ನಾನು ತಿದ್ದಲಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಎರಡನೇ ಸಾಲಿನ ಆರೂ ಅಂಕಿಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಕೊಯ್ಲು ಬಂತು. ಒಂದೊಂದು ತಾಕಿನ ಗಿಡಗಳನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ನಂಬರಿನ ಚೀಟಿ ಕಟ್ಟಿ, ಒಣಗಿಸಿ, ಒಂದೊಂದನ್ನೇ ಬಡಿದು ಕಾಳು ತೂಗುವುದು ಕ್ರಮ. ಚೀಟಿ ಕಟ್ಟುವ ಕೆಲಸವನ್ನು ನಾನು ಗಂಟಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಕೊಟ್ಟವನಲ್ಲ. ಮೊದಲ ಸಾಲಿನ ತೂಕಗಳು ಹೇಳಿ ಬರೆಸಿದ ಹಾಗೆ ಬಂದವು. ಏಳನೇ ಚೀಲ ತಕ್ಕಡಿಗೆ ಬಂದಾಗ ಎರಡು ಕಿಲೋ ಎಂಟುನೂರು ಚಿಲ್ಲರೆ. ಹನ್ನೆರಡು, ಒಂದು ಕಿಲೋ ನಾನೂರೂ ಇಲ್ಲ. ಏನೂ ಹಾಕದ ನೆಲ ಎಲ್ಲ ಹಾಕಿದ ನೆಲದ ಎರಡರಷ್ಟು ಬೆಳೆದಿತ್ತು!

ನನ್ನ ಸಿಟ್ಟು ನೆತ್ತಿಗೇರಿತು. ಕಣದಲ್ಲಿ ಹನ್ನೊಂದು ಜನ ಇದ್ದರು, ಡ್ರೈವರ್ ಸೇರಿ. ನಾನು ಎಣಿಸಿರಲಿಲ್ಲ, ಆಮೇಲೆ ಅವರವರ ಮುಖ ನೆನಪಿಗೆ ಬಂದು ಬಂದು ಲೆಕ್ಕ ಸಿಕ್ಕಿತು.

"ಈ ಚೀಟಿ ಕಟ್ಟಿದ್ದು ಯಾರು?"

"ನಾನೇ ಸರ್," ಅಂದರು ಗಂಟಕ್ಕ.

"ಏಳರ ಚೀಟಿ ಹನ್ನೆರಡಕ್ಕೆ, ಹನ್ನೆರಡರದು ಏಳಕ್ಕೆ! ಅವತ್ತೇ ಹೇಳಿದೆ ಕಣ್ಣು ತೋರಿಸು ಅಂತ. ಕಾಣಲ್ಲ ಅಂದ್ರೆ ಕಾಣಲ್ಲ ಅನ್ನಬೇಕು. ಒಂದು ವರ್ಷದ ಕೆಲಸಾನ ಮಣ್ಣುಪಾಲು ಮಾಡಿದೆಯಲ್ಲ!"

ಎಂಟು ವರ್ಷದಲ್ಲಿ ಮೊದಲ ಸಲ ಅವರನ್ನು ಏಕವಚನದಲ್ಲಿ ಕರೆದಿದ್ದೆ. ಬಡಿಗೆಯ ಸದ್ದು ನಿಂತಿತು. ಡ್ರೈವರ್ ತನ್ನ ಚಪ್ಪಲಿ ನೋಡಿಕೊಂಡ. ಗಂಟಕ್ಕ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು.

"ಸರಿಯಾಗೇ ಕಟ್ಟಿದ ನೆನಪು ಸರ್," ಅಂದರು. ಕೈಗಳನ್ನು ಇಳಿಸಿ, "ಆದ್ರೆ... ಇರಬಹುದು."

ಇರಬಹುದು ಅಂದರಲ್ಲ, ನನಗೆ ಅಷ್ಟು ಸಾಕಾಯಿತು. ಒಪ್ಪಿಕೊಂಡರು ಅಂತ ಎಲ್ಲರಿಗೂ ಹೇಳಿದೆ. ಮಾರನೇ ವಾರ ಅವರನ್ನು ಪ್ರಯೋಗದ ಕೆಲಸದಿಂದ ತೆಗೆದು ಬೀಜದ ಉಗ್ರಾಣಕ್ಕೆ ಹಾಕಿಸಿದೆ. ಎರಡನೇ ಸಾಲನ್ನು ಪೂರ್ತಿ ಕೈಬಿಡಬೇಕಾಗಬಹುದು ಅಂತ ಮೇಡಂಗೆ ಬರೆದುಕೊಟ್ಟೆ. ಮೇಡಂ ಅಂದರೆ ನಮ್ಮ ಕೇಂದ್ರದ ಮುಖ್ಯಸ್ಥೆ. ಕಾರಣ ಅಂತ ಇರುವ ಜಾಗದಲ್ಲಿ, 'ಚೀಟಿ ಕಟ್ಟುವಲ್ಲಿ ಕೂಲಿಯವರ ಅಜಾಗರೂಕತೆ.' ಅಕ್ಷರ ದುಂಡಗೆ ಬಂದಿತ್ತು.

ಅದಾಗಿ ತಿಂಗಳ ಮೇಲೆ ಒಂದು ಸೋಮವಾರ ಮಧ್ಯಾಹ್ನ, ವರದಿಗೆ ಗ್ರಾಫ್ ಹಾಕುತ್ತಾ ಕೂತಿದ್ದೆ. ಅಡ್ಡಕ್ಕೆ ಗಂಟುಗಳ ಸಂಖ್ಯೆ, ಉದ್ದಕ್ಕೆ ಕಾಳಿನ ತೂಕ, ಒಂದೊಂದು ತಾಕಿಗೆ ಒಂದೊಂದು ಚುಕ್ಕಿ. ಉಳಿದ ಮೂರು ಸಾಲಿನ ಹದಿನೆಂಟು ಚುಕ್ಕಿ ಇಟ್ಟಾಗ ಓರೆಯಾಗಿ ಮೇಲಕ್ಕೆ ಹೋಗುವ ಸಾಲು ಚೆನ್ನಾಗಿ ಮೂಡಿತು. ಸುಮ್ಮನೆ ಚಪಲಕ್ಕೆ, ಎರಡನೇ ಸಾಲಿನ ಆರನ್ನೂ ಇಟ್ಟು ನೋಡಿದೆ. ಎಲ್ಲೆಲ್ಲೋ ಚೆಲ್ಲಾಪಿಲ್ಲಿ ಬೀಳುತ್ತವೆ ಅಂದುಕೊಂಡಿದ್ದೆ. ಆರಕ್ಕೆ ಆರೂ ಅದೇ ಓರೆಯ ಮೇಲೆ ಬಂದು ಕೂತವು.

ಪೆನ್ಸಿಲ್ ಕೆಳಗಿಟ್ಟೆ. ಕೊಯ್ದ ಮೇಲೆ ಚೀಟಿ ಅದಲು ಬದಲಾಗಿದ್ದರೆ ಗಂಟು ಒಂದು ಕಡೆ, ತೂಕ ಒಂದು ಕಡೆ ಹೋಗಬೇಕಿತ್ತು. ಗಂಟು ಎಣಿಸಿದ್ದು ಚೀಟಿ ಕಟ್ಟುವುದಕ್ಕೆ ಎರಡು ತಿಂಗಳು ಮೊದಲು, ಗಿಡ ಇನ್ನೂ ನೆಲದಲ್ಲಿದ್ದಾಗ. ಏಳರ ಬೇರಿನಲ್ಲಿ ನಲವತ್ತಾರು ಗಂಟಿತ್ತು, ಏಳರ ಚೀಲದಲ್ಲಿ ಅದಕ್ಕೆ ತಕ್ಕ ಕಾಳಿತ್ತು. ಗಂಟಕ್ಕನ ಎಣಿಕೆ ಸರಿ, ಚೀಟಿಯೂ ಸರಿ. ಏಳರ ನೆಲಕ್ಕೇ ಫಾಸ್ಫೇಟೂ ಗೊಬ್ಬರವೂ ಬಿದ್ದಿತ್ತು. ಇಟ್ಟವರು ಯಾರು?

ಆಗ ಟೀ ನೆನಪಾಯಿತು. ಗೊಬ್ಬರದ ದಿನ ಮೊದಲ ಸಾಲು ಮುಗಿಸಿ ಬಲತುದಿಯಲ್ಲಿ ನಿಂತಿದ್ದೆ. ಏಳನೇ ತಾಕು ಅಲ್ಲೇ ನನ್ನ ಕಾಲ ಬಳಿ. ಅಷ್ಟರಲ್ಲಿ ಟೀ ಬಂತು ಅಂತ ಡ್ರೈವರ್ ಕೂಗಿದ, ಎಡತುದಿಯ ಮರದ ಕೆಳಗಿನಿಂದ. ಹೋಗಿ ಕುಡಿದೆ. ಸಕ್ಕರೆ ಕಮ್ಮಿ ಅಂತ ಬೈದದ್ದೂ ನೆನಪಿದೆ. ಲೋಟ ಇಟ್ಟು, ನಿಂತಿದ್ದ ಜಾಗದಿಂದಲೇ ಎರಡನೇ ಸಾಲು ಶುರು ಮಾಡಿದೆ. ಎಡದಿಂದ ಬಲಕ್ಕೆ. ಇಪ್ಪತ್ತೆರಡು ವರ್ಷ ಹೊಸಬರಿಗೆ 'ತಿರುಗೋದು ಮರೀಬೇಡಿ' ಅಂದವನು ತಿರುಗದೆ ಹೋಗಿದ್ದೆ. ಮೂರನೇ ಸಾಲು ನಕ್ಷೆಯಲ್ಲೂ ಎಡದಿಂದಲೇ, ಊಟದ ಮೇಲೆ ಎಡತುದಿಯಿಂದ ಇಟ್ಟೆ, ಅದು ತಪ್ಪಲಿಲ್ಲ. ಎರಡನೇ ಸಾಲು ಮಾತ್ರ ಪೂರ್ತಿ ಹಿಂದುಮುಂದಾಗಿತ್ತು, ಏಳರದು ಹನ್ನೆರಡಕ್ಕೆ, ಎಂಟರದು ಹನ್ನೊಂದಕ್ಕೆ, ಒಂಬತ್ತರದು ಹತ್ತಕ್ಕೆ. ಒಂದು ಲೋಟ ಟೀಗೆ.

ಅವತ್ತೇ ಎದ್ದು ಉಗ್ರಾಣಕ್ಕೆ ಹೋಗಬಹುದಿತ್ತು, ನನ್ನ ಮೇಜಿನಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಹೋಗಲಿಲ್ಲ. ಖಚಿತ ಮಾಡಿಕೊಳ್ಳೋಣ ಅಂತ ಏಳು ಮತ್ತು ಹನ್ನೆರಡರ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿದೆ. ಮೂರನೇ ದಿನ ಖಚಿತವಾಯಿತು. ಆಮೇಲೆ ಇನ್ನೊಂದು ನೆಪ ಹುಡುಕಿದೆ.

ಎರಡನೇ ಸಾಲಿನ ಗೊಬ್ಬರದ ಬಗೆಗಳನ್ನು ತಿರುಗಿಸಿ ಬರೆದರೆ ಸಾಕು, ಇಪ್ಪತ್ತನಾಲ್ಕೂ ತಾಕು ಬಂಗಾರದ ಹಾಗೆ ಕೂಡಿಕೊಳ್ಳುತ್ತಿದ್ದವು. ಹಾಗೇ ಬರೆದೆ. ಶುಕ್ರವಾರ ಮೇಡಂ ಕೋಣೆಯಲ್ಲಿ ವರದಿ ಇಟ್ಟಾಗ ಅವರು ಪುಟ ತಿರುವಿ, "ಎರಡನೇ ಸಾಲು ಕೈಬಿಡಬೇಕು ಅಂದಿದ್ರಲ್ಲ?" ಅಂದರು.

"ಸರಿಹೋಯ್ತು ಮೇಡಂ. ಎಲ್ಲಿ ಅದಲು ಬದಲಾಗಿದೆ ಅಂತ ಪತ್ತೆ ಹಚ್ಚಿದೆ."

ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬಾಗಿಲಿನ ಹೊರಗೆ ನಿಂತು ಇದನ್ನೇ ಮೂರು ಸಲ ಮನಸ್ಸಿನಲ್ಲಿ ಹೇಳಿ ನೋಡಿಕೊಂಡು ಒಳಗೆ ಹೋಗಿದ್ದೆ.

ಮೇಡಂ ಕನ್ನಡಕ ತೆಗೆದು ನಕ್ಕರು. "ಆಯಮ್ಮ ಕಲಸಿಟ್ಟಿದ್ದನ್ನ ಕೂತು ಬಿಡಿಸಿದ್ರಲ್ಲ, ಭೇಷ್. ಬೇರೆ ಯಾರಾದ್ರೂ ಆಗಿದ್ರೆ ಕೈ ಚೆಲ್ಲಿ ಕೂತಿರೋರು."

ಈಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ನನ್ನ ಕೆಲಸ ಅಲ್ವಾ ಮೇಡಂ," ಅಂದೆ.

ಆ ಮಾತನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ತಪ್ಪು ಎಲ್ಲರೂ ಮಾಡುತ್ತಾರೆ, ಟೀ ಎಲ್ಲರೂ ಕುಡಿಯುತ್ತಾರೆ. ಆದರೆ ನನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ, ಅದನ್ನು ತಿದ್ದಿದ ಹೊಗಳಿಕೆಯನ್ನೂ ನಾನೇ ತೆಗೆದುಕೊಂಡು, ಬಾಗಿಲು ಮೆತ್ತಗೆ ಎಳೆದುಕೊಂಡು ಹೊರಗೆ ಬಂದೆನಲ್ಲ. ಬರುವಾಗ ಎದುರಿಗೆ ಸಿಕ್ಕಿದ ಜವಾನನಿಗೆ ನಮಸ್ಕಾರ ಬೇರೆ ಹೇಳಿದೆ.

ಅಲ್ಲಿಂದ ಮುಂದೆ ಉಗ್ರಾಣದ ದಾರಿ ಬಿಟ್ಟೆ. ಬೀಜ ಬೇಕಾದರೆ ಡ್ರೈವರನ್ನು ಕಳಿಸುತ್ತಿದ್ದೆ. ಮನೆಯಲ್ಲಿ ಎಲ್ಲದಕ್ಕೂ ರೇಗುತ್ತಿದ್ದೆ. ಚಿಲಕ ಸರಿಯಿಲ್ಲ, ಸಾರು ನೀರು, ಟವೆಲು ಒದ್ದೆ. ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಎರಡು ವಾರ ನೋಡಿದಳು, ಮೂರನೇ ವಾರ ಒಂದು ಸಂಜೆ ಮಿಷನ್ನು ನಿಲ್ಲಿಸಿ, "ಏನು ಮಾಡಿ ಬಂದಿದ್ದೀರಿ, ಹೇಳಿಬಿಡಿ," ಅಂದಳು.

ಹೇಳಿದೆ. ಆದಷ್ಟು ನನಗೆ ಅನುಕೂಲವಾಗುವ ಹಾಗೆ ಹೇಳಿದೆ. ಅಂಕಿ ಎಲ್ಲ ಈಗ ಸರಿಯಾಗಿವೆ, ವಿಜ್ಞಾನಕ್ಕೆ ಏನೂ ನಷ್ಟವಿಲ್ಲ, ಗಂಟಕ್ಕನ ಕೂಲಿಯೂ ಕಮ್ಮಿಯಾಗಿಲ್ಲ, ಉಗ್ರಾಣದಲ್ಲಿ ನೆರಳಿದೆ, ಇತ್ಯಾದಿ.

ಅವಳು ದಾರ ಕಚ್ಚಿ ತುಂಡು ಮಾಡಿದಳು. "ನಾನು ಅಳತೆ ತಪ್ಪಿ ಕತ್ತರಿಸಿ, ಅಂಗಿ ಬಿಗಿಯಾಯ್ತು ಅಂತ ಬಂದವಳಿಗೆ, ನೀನೇ ದಪ್ಪ ಆಗಿದ್ದೀಯ ಕಣೇ ಅಂತ ಹೇಳಿ ಕಳಿಸಿದ್ರೆ? ಅವಳು ಮನೆಗೆ ಹೋಗಿ ಊಟ ಬಿಟ್ಟರೆ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ ಬಿಡಿ," ಅಂದು ಮಿಷನ್ನು ತುಳಿಯಲು ಶುರುಮಾಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಜೋರು ಮಾಡಿದ್ದಾಳೆ, ಗೇಲಿ ಮಾಡಿದ್ದಾಳೆ, ಆದರೆ ಹೀಗೆ ನನ್ನ ಮುಖ ನೋಡದೆ ಮಾತು ಮುಗಿಸಿದ್ದು ಅದೇ ಮೊದಲು.

ಮಾರನೇ ಬೆಳಿಗ್ಗೆ ಹತ್ತು ಗಂಟೆಗೆ ಉಗ್ರಾಣಕ್ಕೆ ಹೋದೆ. ಧೈರ್ಯ ಬಂದು ಹೋದೆ ಅಂತ ಹೇಳಲಾರೆ. ಮುಂದಿನ ಪ್ರಯೋಗದ ಬೀಜಕ್ಕೆ ಬರೆದ ಚೀಟಿಯೊಂದನ್ನು ಕೈಯಲ್ಲಿ ಹಿಡಿದಿದ್ದೆ, ಹೇಳಲಾಗದಿದ್ದರೆ ಬೀಜ ತಗೊಂಡು ವಾಪಸ್ಸಾಗುವುದಕ್ಕೆ.

ಉಗ್ರಾಣ ಉದ್ದನೆಯ ತಗಡಿನ ಕಟ್ಟಡ. ಎರಡೂ ಬದಿಗೆ ಚೀಲಗಳ ರಾಶಿ, ನಡುವೆ ಓಣಿ, ಕೊನೆಯಲ್ಲಿ ಕಿಟಕಿಯ ಬೆಳಕಿಗೆ ಕೂತು ಒಬ್ಬ ಹೆಂಗಸು ಚೀಲದ ಬಾಯಿ ಹೊಲಿಯುತ್ತಿದ್ದಳು. ಗಂಟಕ್ಕ ಅವಳಿಂದ ಮೂರು ಮಾರು ದೂರದಲ್ಲಿ ನಿಂತಿದ್ದರು. ಮೂಗಿನ ಮೇಲೆ ಹೊಸ ಕನ್ನಡಕ, ಬಿದ್ದುಹೋಗದಂತೆ ದಾರ ಹಾಕಿ ಕುತ್ತಿಗೆಗೆ ಕಟ್ಟಿಕೊಂಡಿದ್ದರು. ಕೈಯಲ್ಲಿದ್ದ ಚೀಟಿಯನ್ನು ಓದಿದರು, ಚೀಲದ ಮೇಲಿನ ನಂಬರ್ ಓದಿದರು, ಮತ್ತೆ ಚೀಟಿ ಓದಿದರು. ಆಮೇಲೆ ಅದನ್ನು ಹಿಡಿದುಕೊಂಡು ಹೊಲಿಯುವವಳ ಬಳಿಗೆ ನಡೆದು ಹೋದರು.

"ನೋಡಮ್ಮ, ಇದು ಹದಿನಾಲ್ಕೇ ತಾನೆ?"

"ಹದಿನಾಲ್ಕೇ ಅಕ್ಕ."

ವಾಪಸ್ ಬಂದು ಕಟ್ಟಿದರು. ಮುಂದಿನ ಚೀಟಿ ತೆಗೆದುಕೊಂಡರು. ಅದನ್ನು ಹಿಡಿದು ಮತ್ತೆ ಅವಳ ಬಳಿಗೆ ಹೊರಟರು.

"ಅಕ್ಕ," ಅಂದೆ.

ತಿರುಗಿ ನೋಡಿ, ಗಾಬರಿಯಿಂದ ಸೆರಗು ಸರಿಮಾಡಿಕೊಂಡರು. "ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಸರ್? ಇಲ್ಲಿ ನಾನು ಒಬ್ಬಳೇ ಏನೂ ಕಟ್ಟಲ್ಲ. ಎಲ್ಲಾನೂ ಇವಳಿಗೆ ತೋರಿಸಿಯೇ ಕಟ್ಟೋದು."

"ಇಲ್ಲ ಇಲ್ಲ. ಕನ್ನಡಕ ಬಂತಾ?"

"ಬಂತು ಸರ್. ನೀವು ಹೇಳಿದ್ರಲ್ಲ." ಕನ್ನಡಕ ಮುಟ್ಟಿಕೊಂಡರು. "ಡಾಕ್ಟ್ರು ಬೇಡ ಅಂತಾನೇ ಅಂದ್ರು. ಕಣ್ಣು ಚೆನ್ನಾಗಿದೆಯಮ್ಮ, ಈ ವಯಸ್ಸಿಗೆ ನನ್ನ ಕಣ್ಣೇ ಇಷ್ಟು ಚೆನ್ನಾಗಿಲ್ಲ ಅಂತ ತಮಾಷೆ ಮಾಡಿದ್ರು. ನಾನೇ ಹಠ ಮಾಡಿ ಹಾಕಿಸ್ಕೊಂಡೆ."

"ಕಣ್ಣು ಸರಿ ಇದೆ ಅಂದ್ಮೇಲೆ ಯಾಕೆ ಅಕ್ಕ?"

"ಕಣ್ಣಲ್ಲ ಅಂದ್ರೆ ತಲೆ ತಾನೆ ಸರ್?"

ಇದನ್ನು ತೀರಾ ಸಹಜವಾಗಿ, ಅಂಗಡಿಯಲ್ಲಿ ಸಾಮಾನು ಕೇಳಿದ ಹಾಗೆ ಹೇಳಿದರು. ನನಗೆ ತಕ್ಷಣ ಅರ್ಥವಾಗಲಿಲ್ಲ.

"ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು," ಅಂದರು. "ಸರಿಯಾಗಿ ಇಟ್ಟಿದ್ದೀನಿ ಅಂತ ಸಾಧಿಸೋಳು, ನೋಡಿದ್ರೆ ಇಟ್ಟಿರ್ತಾ ಇರಲಿಲ್ಲ. ಮೊದಲು ಬೀಗದ ಕೈ ಮರೆತಳು, ಆಮೇಲೆ ಒಲೆ ಆರಿಸೋದು, ಆಮೇಲೆ ನಮ್ಮನ್ನ. ನನಗೂ ನೋಡಿ, ಏಳು ಹನ್ನೆರಡು ಎರಡೂ ಸರಿಯಾಗಿ ಕಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಗಂಟು ಎಣಿಸಿದ್ದೂ ಅಷ್ಟೆ. ಎರಡೂ ತಪ್ಪು ಅಂತ ಆಯ್ತು. ತಪ್ಪಾಗಿದ್ದಕ್ಕೆ ಭಯ ಇಲ್ಲ ಸರ್. ಸರಿಯಾಗಿ ಮಾಡಿದೆ ಅಂತ ಅಷ್ಟು ಗಟ್ಟಿಯಾಗಿ ಅನಿಸ್ತದಲ್ಲ, ಅದಕ್ಕೆ ಭಯ."

ನಾನು ಕೈಯಲ್ಲಿದ್ದ ಬೀಜದ ಚೀಟಿಯನ್ನು ಮಡಿಸಿದೆ, ಬಿಚ್ಚಿದೆ.

"ಈ ತಿಂಗಳು ಮುಗಿದ ಮೇಲೆ ಕೆಲಸ ಬಿಡ್ತೀನಿ. ಬೇರೆಯವರ ಕೆಲಸ ಯಾಕೆ ಕೆಡಿಸಬೇಕು. ಮೊಮ್ಮಗಳಿಗೆ ಸ್ನಾನ ಮಾಡಿಸೋದೂ ಬಿಟ್ಟಿದ್ದೀನಿ. ನೀರು ಎಷ್ಟು ಬಿಸಿ ಇತ್ತು ಅಂತ ಮುಟ್ಟಿ ನೋಡಿ, ನೋಡಿದೆ ಅಂತ ಅಂದುಕೊಂಡು, ನೋಡೇ ಇಲ್ಲದೆ ಹೋದ್ರೆ? ಐದು ತಿಂಗಳ ಕೂಸು. ಮಗಳಿಗೂ ಹೇಳಿಬಿಟ್ಟೆ, ನನ್ನ ಹತ್ರ ಒಬ್ಬಳನ್ನೇ ಬಿಟ್ಟು ಹೋಗಬೇಡ ಅಂತ. ಪಾಪ, ಪಕ್ಕದ ಮನೆಯವರ ಕಾಲು ಹಿಡಿದು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗ್ತಾಳೆ, ಸಂಜೆ ನಾನು ಮನೆಗೆ ಹೋದ ಮೇಲೂ ಅವಳು ಬರೋ ತನಕ ಕೂಸು ಅಲ್ಲೇ." ಗಂಟಕ್ಕ ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದರು. "ನಾನು ದೂರದಿಂದ ಆಟ ಆಡಿಸ್ತೀನಿ. ಎತ್ಕೋ ಅಂತ ಕೈ ಚಾಚ್ತದೆ."

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ. ಉಗ್ರಾಣದ ನೆಲ ಸಿಮೆಂಟಿನದು, ನಿಂತೇ ಇರಬೇಕಾಯಿತು.

"ಅಕ್ಕ, ನೀವು ಕಟ್ಟಿದ ಚೀಟಿ ಸರಿ ಇತ್ತು," ಅಂದೆ. "ಎಣಿಸಿದ್ದೂ ಸರಿ. ತಪ್ಪು ನನ್ನದು. ಗೊಬ್ಬರ ಇಡುವಾಗ ಎರಡನೇ ಸಾಲಿಗೆ ನಾನು ತಿರುಗಲಿಲ್ಲ. ಟೀ ಕುಡಿಯೋಕೆ ಎಡಗಡೆಗೆ ಹೋದವನು ಅಲ್ಲಿಂದಲೇ ಇಟ್ಕೊಂಡು ಬಂದೆ. ಏಳಕ್ಕೆ ಎಲ್ಲಾ ಬಿದ್ದಿತ್ತು, ಹನ್ನೆರಡಕ್ಕೆ ಏನೂ ಬಿದ್ದಿರಲಿಲ್ಲ. ಏಳರಲ್ಲಿ ನಲವತ್ತಾರು ಗಂಟು ನಿಜವಾಗಿ ಇದ್ದವು. ಮಣ್ಣು ಪರೀಕ್ಷೆ ಮಾಡಿಸಿದ್ದೀನಿ. ಅದಲು ಬದಲು ಮಾಡಿದ್ದು ನಾನು."

ಹೊಲಿಯುವವಳ ಸೂಜಿ ನಿಂತಿತು.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು. ಗಂಟಕ್ಕ ಹಿಂದೆ ತಡವಿ ನೋಡಿ ಒಂದು ಚೀಲದ ಮೇಲೆ ಕೂತರು.

"ನಿಜವಾಗ್ಲೂ ಸರ್? ಸಮಾಧಾನಕ್ಕೆ ಹೇಳ್ತಾ ಇಲ್ಲ ತಾನೆ?"

"ಇಲ್ಲ ಅಕ್ಕ."

"ಹಾಗಾದ್ರೆ ನನ್ನ ತಲೆ ಸರಿ ಇದೆ?"

"ನಮ್ಮ ಆಫೀಸಲ್ಲಿ ಎಲ್ಲರಿಗಿಂತ ಸರಿ ಇದೆ."

ಅವರು ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡರೆ ನಗುತ್ತಿದ್ದರು, ನಗುತ್ತಿದ್ದಾರೆ ಅಂದುಕೊಳ್ಳುವಷ್ಟರಲ್ಲಿ ಅಳು. "ಬದುಕಿಸಿದ್ರಿ ಸರ್," ಅಂದರು. "ದೊಡ್ಡ ಮನಸ್ಸು ನಿಮ್ಮದು. ಯಾರು ಬಂದು ಹೇಳ್ತಾರೆ ಹೀಗೆ? ಬಾಯಿ ಮುಚ್ಕೊಂಡು ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎದ್ದು ನಿಂತು ನನಗೆ ಕೈ ಮುಗಿದರು. ಹನ್ನೊಂದು ಜನರ ಮುಂದೆ ನನ್ನಿಂದ ಬೈಸಿಕೊಂಡ ಹೆಂಗಸು, ನನಗೆ ಕೈ ಮುಗಿದರು. ನಾನು ಆ ಕೈಗಳನ್ನು ಇಳಿಸಲು ಹೋಗಿ, ಮುಟ್ಟಲು ನಾಚಿಕೆಯಾಗಿ, ಅರ್ಧಕ್ಕೆ ನಿಲ್ಲಿಸಿದೆ.

ಅಷ್ಟರಲ್ಲೇ ಅವರು ಸೊಂಟದಿಂದ ಮೊಬೈಲ್ ತೆಗೆದು ಮಗಳಿಗೆ ಹಚ್ಚಿದ್ದರು. "ಏ, ನಾನು ಕಣೇ. ನಾಳೆಯಿಂದ ಸಂಜೆ ಹೊತ್ತು ಪಾಪುನ ಪಕ್ಕದ ಮನೇಲಿ ಬಿಡೋದು ಬೇಡ. ನನಗೇನೂ ಆಗಿಲ್ಲ. ಆ ಚೀಟಿ ನಾನು ಸರಿಯಾಗೇ ಕಟ್ಟಿದ್ದೆನಂತೆ... ಹೂಂ ಕಣೇ, ಈಗ ಹೇಳಿದ್ರು... ಇಲ್ಲ, ನಾನು ಕಲ್ಪಿಸ್ಕೊಂಡು ಹೇಳ್ತಾ ಇಲ್ಲ... ಕೇಳೇ ಇಲ್ಲಿ..." ಮುಖದ ಬೆಳಕು ಸ್ವಲ್ಪ ಇಳಿಯಿತು. ಫೋನನ್ನು ನನ್ನ ಕಡೆ ಚಾಚಿದರು.

"ನೀವೇ ಹೇಳಿ ಸರ್. ಅವಳು ಈಗ ನನ್ನ ಮಾತು ನಂಬಲ್ಲ."

ಫೋನು ಬೆಚ್ಚಗಿತ್ತು. ಕಿವಿಗಿಟ್ಟುಕೊಂಡೆ. ಆ ಕಡೆ ಗಿರಣಿಯದೋ ಏನೋ ಯಂತ್ರದ ಸದ್ದು, ಅದರ ನಡುವೆ ಎಳೆಯ ಹೆಂಗಸಿನ ದನಿ.

"ಯಾರು ಮಾತಾಡ್ತಿರೋದು?"

"ನಾನು... ನಿಮ್ಮ ತಾಯಿ ಕೆಲಸ ಮಾಡೋ ಕಡೆಯವನು. ಅವತ್ತು ಅವರನ್ನ ಬೈದವನು ನಾನೇ. ನಿಮ್ಮ ತಾಯಿ ಏನೂ ತಪ್ಪು ಮಾಡಿಲ್ಲ. ಗೊಬ್ಬರ ಅದಲು ಬದಲು ಇಟ್ಟಿದ್ದು ನಾನು. ಅವರ ನೆನಪು ಸರಿ ಇದೆ, ಎಲ್ಲ ಸರಿ ಇದೆ. ಮಗೂನ ಧೈರ್ಯವಾಗಿ ಅವರ ಹತ್ರ ಬಿಡಿ."

ಯಂತ್ರದ ಸದ್ದು ದೂರವಾಯಿತು. ಹೊರಗೆ ಬಂದಿರಬೇಕು. ನಾನು ಉಸಿರು ಬಿಟ್ಟೆ, ಕಷ್ಟದ ಭಾಗ ಮುಗಿಯಿತು ಅಂದುಕೊಂಡು.

"ನಿಮಗೆ ಇದು ಗೊತ್ತಾಗಿ ಎಷ್ಟು ದಿನ ಆಯ್ತು?" ಅಂದಳು.

ಎದುರಿಗೆ ಗಂಟಕ್ಕ ಇನ್ನೂ ನನ್ನನ್ನೇ ನೋಡುತ್ತಿದ್ದರು, ಆ ಕೃತಜ್ಞತೆಯ ಮುಖದಲ್ಲಿ. ಈಗ ತಾನೇ ಗೊತ್ತಾಯಿತು ಅನ್ನಬಹುದಿತ್ತು. ನಿನ್ನೆ ಅನ್ನಬಹುದಿತ್ತು. ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ.

"ಗೊತ್ತಾಗಿ ಹತ್ತೊಂಬತ್ತು ದಿನ," ಅಂದೆ.

ಅವಳು ಫೋನು ಕಟ್ ಮಾಡಿದಳು. ಅದನ್ನು ಗಂಟಕ್ಕನಿಗೆ ವಾಪಸ್ ಕೊಟ್ಟೆ. ಅವರು ತಗೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಮರೆತು ಕೈಯಲ್ಲೇ ಹಿಡಿದು ನಿಂತರು.

"ಹತ್ತೊಂಬತ್ತು," ಅಂದರು. ಒಂದು ತಟ್ಟೆ ಎಣಿಸಿ ಮುಗಿಸಿ, ಪುಸ್ತಕದಲ್ಲಿ ಬರೆಯುವ ಮುಂಚೆ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುವುದು ಅವರ ಪದ್ಧತಿ. ಹಾಗೇ ಹೇಳಿದರು. ಮುಖದಲ್ಲಿದ್ದದ್ದು ಒಂದೊಂದಾಗಿ ಹೋಯಿತು, ಮೊದಲು ನಗು, ಆಮೇಲೆ ಉಳಿದದ್ದು.

ಕುತ್ತಿಗೆಯ ದಾರ ಬಿಚ್ಚಿ, ಕನ್ನಡಕ ತೆಗೆದು ಚೀಲದ ಮೇಲೆ ಇಟ್ಟರು. ಅಲ್ಲಿ ಬಿದ್ದಿದ್ದ ಚೀಟಿಯನ್ನು ಎತ್ತಿಕೊಂಡು, ದೂರದಿಂದಲೇ ಓದಿ, ಯಾರನ್ನೂ ಕೇಳದೆ ಅದರ ಚೀಲಕ್ಕೆ ಕಟ್ಟಿದರು. ಗಂಟು ಎರಡು ಸಲ ಎಳೆದು ನೋಡಿದರು.

"ಮೇಡಂ ಆಫೀಸಲ್ಲಿ ಇದ್ದಾರಾ?"

ಎಂಟು ವರ್ಷದಲ್ಲಿ ಅವರು ನನ್ನ ಜೊತೆ 'ಸರ್' ಇಲ್ಲದೆ ಆಡಿದ ಮೊದಲ ಮಾತು.

"ಇದ್ದಾರೆ," ಅಂದೆ.

"ನಡೀರಿ."

ಬೀಜದ ಚೀಟಿ ಇನ್ನೂ ನನ್ನ ಕೈಯಲ್ಲೇ ಇತ್ತು, ಬೆವರಿಗೆ ಮೆತ್ತಗಾಗಿ. ಅದನ್ನು ಜೇಬಿಗೆ ಹಾಕಿಕೊಂಡೆ. ಗಂಟಕ್ಕ ಮುಂದೆ ನಡೆದರು, ನಾನು ಅವರ ಹಿಂದೆ ನಡೆದೆ.